ಮುನವಳ್ಳಿಯಲ್ಲಿ ಇಳಿದ ಗಾಳಿ

ಟೈರಿನೊಳಗೆ ಬಹಳ ದಿನ ಕೂತ ಗಾಳಿಗೆ ಒಂದು ವಾಸನೆ ಇರುತ್ತದೆ. ಹೊಸ ಚಪ್ಪಲಿ ಅಂಗಡಿಯದೂ ಅಲ್ಲ, ಮಳೆ ನಿಂತ ಮೇಲಿನ ಗ್ಯಾರೇಜಿನದೂ ಅಲ್ಲ, ಎರಡರ ನಡುವಿನದು. ಹೋದ ವಾರ ಕಿತ್ತೂರಿನ ಹತ್ತಿರ ಹೆದ್ದಾರಿಯ ಪಂಪಿನಲ್ಲಿ ಪೆಟ್ರೋಲು ತುಂಬಿಸಿ, ಗಾಳಿ ಹಾಕಿಸಲು ನಿಂತಿದ್ದೆ. ಗಾಳಿ ಹಾಕುವವರು ನನಗಿಂತ ನಾಲ್ಕು ವರ್ಷ ಹಿರಿಯರಿರಬಹುದು. ಬಗ್ಗಿ ವಾಲ್ವಿನ ಟೋಪಿ ತೆಗೆದು, ಒಳಗಿನ ಮೊಳೆಯನ್ನು ಉಗುರಿನಿಂದ ಒತ್ತಿ ನೋಡಿದರು. ಸ್ಸ್ ಎಂದು ಒಂದಿಷ್ಟು ಗಾಳಿ ಹೊರಬಂತು, ಆ ವಾಸನೆ ಮೂಗಿಗೆ ಬಡಿಯಿತು, ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಲ್ಲೇ ನಿಂತುಬಿಟ್ಟೆ. "ಎಷ್ಟ ಹಾಕ್ಲಿರಿ ಅಕ್ಕಾರ?" ಎಂದು ಅವರು ಎರಡು ಸಲ ಕೇಳಿದರಂತೆ. ಕೇಳಿಸಿದ್ದರೆ ತಾನೆ! ನಾನಾಗಲೇ ಮುನವಳ್ಳಿಯ ಒಂದು ಮನೆಯ ಕಟ್ಟೆಯ ಮುಂದೆ ಇದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಆ ಮಳೆಗಾಲಕ್ಕೆ ಸ್ವಲ್ಪ ಮೊದಲು ನಾನು ಬೈಲಹೊಂಗಲದ ಒಂದು ಸಣ್ಣ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿ ಕೆಲಸಕ್ಕೆ ಸೇರಿದ್ದೆ. ನನ್ನೂರು ರಾಣೆಬೆನ್ನೂರು. ಲಕ್ವಾ ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು, ಮೊಣಕಾಲಿನ ಆಪರೇಷನ್ ಆದವರು ಆಸ್ಪತ್ರೆಯ ತನಕ ಬರಲಾರರಲ್ಲ, ಅವರ ಮನೆಗೇ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸಿ ಬರುವುದು ನನ್ನ ಪಾಲಿಗೆ ಬಂದ ಕೆಲಸ. ಒಂದು ದಿನ ಕಿತ್ತೂರಿನ ಕಡೆ, ಒಂದು ದಿನ ಸವದತ್ತಿ ದಾಟಿ ರಾಮದುರ್ಗದ ತನಕ, ಉಳಿದ ದಿನ ಯರಗಟ್ಟಿ, ಮುನವಳ್ಳಿ. ನಾನು ಡಾಕ್ಟರಲ್ಲ ಎಂದು ಮೊದಲ ತಿಂಗಳು ಕಂಡಕಂಡವರಿಗೆಲ್ಲ ತಿಳಿಸಿ ಹೇಳಿದೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ಡಾಕ್ಟರಬಾಯಿ ಬಂದ್ರು" ಎಂದು ನಾನು ಓಣಿ ತಿರುಗುವ ಮೊದಲೇ ಸುದ್ದಿ ಆಗುತ್ತಿತ್ತು.

ಹಾಗೆ ಸುದ್ದಿಯಾಗಲು ನನ್ನ ಗಾಡಿಯೂ ಕಾರಣ. ದೂರದ ಪ್ರಯಾಣಕ್ಕೆಂದೇ ಮಾಡಿದ ಮೋಟರ್‌ಸೈಕಲ್ ಅದು. ಎದೆಯೆತ್ತರದ ಗಾಜು, ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ, ದೊಡ್ಡ ಟ್ಯಾಂಕು. ಹಿಮಾಲಯಕ್ಕೆ ಹೋಗಿ ಬರಬೇಕೆಂದು ಕೊಂಡಿದ್ದೆ. ಹಿಮಾಲಯ ಇದ್ದಲ್ಲೇ ಇತ್ತು, ನಾನು ಯರಗಟ್ಟಿಯ ಸಂತೆಯಲ್ಲಿ ಎಮ್ಮೆಗಳ ನಡುವೆ ಹಾರ್ನ್ ಹೊಡೆಯುತ್ತಾ ನಿಂತಿರುತ್ತಿದ್ದೆ. ಆದರೂ ತಯಾರಿ ಬಿಟ್ಟಿರಲಿಲ್ಲ. ಅಲ್ಲಿ ಒಂದು ಪಂಪು ದಾಟಿದರೆ ಇನ್ನೊಂದು ಸಿಗಲು ಎಷ್ಟೋ ಗುಡ್ಡ ಹತ್ತಿ ಇಳಿಯಬೇಕು ಎಂದು ಕೇಳಿದ್ದೆನಲ್ಲ, ಹಾಗಾಗಿ ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು ಎಂಬ ಲೆಕ್ಕ ಸದಾ ತಲೆಯಲ್ಲಿ ಸುತ್ತುತ್ತಿತ್ತು. ದುಡ್ಡಿನ ಆಸೆಗಲ್ಲ. ಅದೊಂದು ಹುಚ್ಚು. ಕೆಲವರಿಗೆ ಇಸ್ಪೀಟು ಆಟದ ಹುಚ್ಚು, ಕೆಲವರಿಗೆ ಸೀರೆಯ ಹುಚ್ಚು, ನನಗೆ ಮೈಲೇಜಿನ ಹುಚ್ಚು. ಗಾಡಿ ಹೊಸದರಲ್ಲಿ ಮೂವತ್ತೈದು ಕೊಡುತ್ತಿತ್ತು. ಅದು ಮೂವತ್ತನಾಲ್ಕಾದರೆ ನನಗೆ ಊಟ ಸೇರುತ್ತಿರಲಿಲ್ಲ.

ಇಮಾಮಸಾಬರ ಮನೆಗೆ ನಾನು ಮೊದಲ ಸಲ ಹೋದದ್ದು ಮಿರಗದ, ಅಂದರೆ ಮೃಗಶಿರಾ ಮಳೆ ಬಿದ್ದ ಮರುದಿನ. ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ. ಹತ್ತಿ, ಬೆಲ್ಲ, ಉಳ್ಳಾಗಡ್ಡಿ ಹೇರಿಕೊಂಡು ಅವರು ಕಾಣದ ಘಾಟಿಲ್ಲ. ಆ ಬೇಸಿಗೆಯಲ್ಲಿ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಕಾಲು ಮೆಲ್ಲಗೆ ಚೇತರಿಸುತ್ತಿತ್ತು. ಬಲಗೈ ಮಾತ್ರ ಎದೆಗೆ ಅಂಟಿಕೊಂಡು, ಬೆರಳು ಮಡಚಿಕೊಂಡು ಸುಮ್ಮನೆ ಬಿದ್ದಿತ್ತು. ಮಾತು ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಹಗ್ಗದ ಹೊರಸು ಹಾಕಿಸಿಕೊಂಡು, ಹೋಗಿಬರುವ ಗಾಡಿಗಳಿಗೆಲ್ಲ ನಂಬರು ಕೊಡುತ್ತಾ ಕೂತಿರುತ್ತಿದ್ದರು. ಇವನು ಕ್ಲಚ್ ಸುಡುತ್ತಾನೆ, ಅವನು ಬ್ರೇಕಿನ ಮೇಲೆ ಕಾಲಿಟ್ಟೇ ಓಡಿಸುತ್ತಾನೆ, ಹೀಗೆ.

ನಾನು ಏನು ಮಾಡಿಸಬೇಕೆಂದಿದ್ದೇನೆ ಎಂದು ಹೇಳಲು ಬಾಯಿ ತೆರೆಯುವ ಮೊದಲೇ ಅವರು ಎಡಗೈ ಎತ್ತಿ ತಡೆದರು.

"ನೋಡ್ರಿ ಬಾಯಾರ, ನನಗ ಓಡೂದು ಬ್ಯಾಡ, ಲಾರಿ ಹೊಡಿಯೂದು ಬ್ಯಾಡ. ದೀಪಾವಳಿ ಆದ ಮ್ಯಾಲೆ ನಮ್ಮ ಮುಮತಾಜಂದು ನಿಕಾಹ್ ಐತಿ. ನಮ್ಮ ಮನೆತನದಾಗ ನಿಕಾಹ್ ಮುಗದ ಕೂಡಲೇ ಹುಡುಗಿ ಅಪ್ಪ ಎದ್ದ ನಿಂತು ಅಳಿಯನ ಬಲಗೈ ತನ್ನ ಬಲಗೈಯಾಗ ಹಿಡೀತಾನ. ನಮ್ಮಪ್ಪ ಹಿಡದಿದ್ದ, ನಮ್ಮ ಮಾವ ನನ್ನ ಕೈ ಹಿಡದಿದ್ದ. ಎಡಗೈ ನಡಿಯಂಗಿಲ್ಲ. ನನಗ ಅಷ್ಟ ಮಾಡಿಕೊಡ್ರಿ."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಖಾತೂನಬಿ ಸೆರಗು ಬಾಯಿಗೆ ಹಿಡಿದರು. ಒಳಗೆ ಮುಮತಾಜ್ ಹೊಲಿಗೆ ಮಷೀನು ತುಳಿಯುವುದನ್ನು ನಿಲ್ಲಿಸಿದ್ದು ಕೇಳಿಸಿತು. ಒಬ್ಬಳೇ ಮಗಳು. ಹುಡುಗ ರಾಮದುರ್ಗದವನು, ಸಾಲಿ ಮಾಸ್ತರ. ನಾನು ಇಮಾಮಸಾಬರ ಕೈ ಹಿಡಿದು ನೋಡಿದೆ. ಭುಜದಲ್ಲಿ ಸ್ವಲ್ಪ ಜೀವವಿತ್ತು, ಹೆಬ್ಬೆರಳಲ್ಲಿ ಏನೂ ಇರಲಿಲ್ಲ. ಇಂಥ ಕೈ ಮೊದಲ ಆರು ತಿಂಗಳಲ್ಲಿ ತಿರುಗದಿದ್ದರೆ ಆಮೇಲೆ ತಿರುಗುವುದು ಕಷ್ಟ ಎಂದು ನನಗೆ ಗೊತ್ತಿತ್ತು. "ಮಾಡೋಣ್ರಿ" ಎಂದೆ. ಹೇಳಿಬಿಟ್ಟೆನಲ್ಲ ಎಂದು ದಾರಿಯುದ್ದಕ್ಕೂ ಹೆದರಿಕೆಯಾಯಿತು.

ಅವತ್ತು ಹೊರಡುವಾಗ ಗಾಡಿ ಹತ್ತುತ್ತಾ ನಾನು ಸೊಂಟಕ್ಕೆ ಕೈ ಇಟ್ಟುಕೊಂಡೆ. ರಸ್ತೆ ಹಾಗಿತ್ತು. ಊರವರ ಸೊಂಟ ತಿದ್ದುವವಳಿಗೆ ಸೊಂಟನೋವು ಎಂದರೆ ನಗುವವರೇ ಹೆಚ್ಚು, ಅದಕ್ಕೆ ಯಾರಿಗೂ ಹೇಳಿರಲಿಲ್ಲ. ಇಮಾಮಸಾಬರು ನೋಡಿಬಿಟ್ಟರು.

"ಗಾಡ್ಯಾಗ ಗಾಳಿ ಭಾಳ ಆಗೇತ್ರಿ. ಈ ರಸ್ತೇಕ ಇಷ್ಟ ಗಾಳಿ ಇದ್ದರ ಗಾಡಿ ಕುಣೀತೈತಿ. ಒಂದೀಟ ಇಳಸ್ರಿ, ಸೊಂಟ ಉಳೀತದ."

"ಗಾಳಿ ಇಳಿಸಿದ್ರ ಮೈಲೇಜೂ ಇಳೀತದ್ರಿ. ಟೈರು ನೆಲಕ್ಕ ಅಂಟಿಕೊಂಡು ಹರದಾಡ್ತದ."

"ಮೈಲೇಜ ದೊಡ್ಡದೋ ಸೊಂಟ ದೊಡ್ಡದೋ?"

"ಸೊಂಟ ನನ್ನ ಕಸಬು, ಅದು ನನಗ ಗೊತ್ತೈತಿ. ನಿಮ್ಮ ಕೈ ನೀವ ನೋಡಿಕೋರಿ" ಎಂದು ಒಂದು ಮೆತ್ತನೆಯ ಚೆಂಡನ್ನು ಅವರ ಬಲಗೈಗೆ ತುರುಕಿ ಹೊರಟೆ. ನನ್ನ ನಾಲಿಗೆ ಹಾಗೇ, ಎಣ್ಣೆ ಕಾಣದ ಚೈನಿನ ಹಾಗೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು.

ಆ ಮಳೆಗಾಲದಲ್ಲಿ ಮೈಲೇಜು ನನ್ನ ಕಣ್ಣೆದುರಿಗೇ ಕರಗತೊಡಗಿತು. ಮೊದಲು ಮೂವತ್ತಮೂರು, ಆಮೇಲೆ ಮೂವತ್ತೊಂದು. ಎದುರು ಬೀಸುವ ಗಾಳಿಯದೇ ತಂಟೆ ಎಂದುಕೊಂಡೆ. ಆರಿದ್ರಾ ಮಳೆ ಹಿಡಿದಾಗ ಪಡುವಣ ಗಾಳಿ ಎಂದರೆ ಅಲ್ಲಿ ಎಂಥದು ಅಂತೀರಿ! ಬೆಳಿಗ್ಗೆ ಮೂಡಣಕ್ಕೆ ಮುನವಳ್ಳಿಯ ಕಡೆ ಹೋಗುವಾಗ ಬೆನ್ನಿಗೆ ಕೈ ಹಚ್ಚಿ ನೂಕುತ್ತದೆ. ಸಂಜೆ ಬೈಲಹೊಂಗಲಕ್ಕೆ ಮರಳುವಾಗ ಎದುರಿಗೆ ಗೋಡೆಯಾಗಿ ನಿಲ್ಲುತ್ತದೆ. ಎತ್ತರದ ಗಾಜು, ಅಗಲದ ಪೆಟ್ಟಿಗೆ ಎಲ್ಲಾ ಸೇರಿ ಆ ಗಾಳಿಗೆ ನನ್ನ ಗಾಡಿ ಒಂದು ಬಾಗಿಲಿನಷ್ಟು ಅಗಲ. ವೇಗ ಹೆಚ್ಚಿಸಿದಷ್ಟೂ ಅದು ಪೆಟ್ರೋಲು ಕುಡಿಯುತ್ತದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು ಎಂದು ನಮ್ಮವ್ವ ಅನ್ನುತ್ತಿದ್ದದ್ದು ಅಲ್ಲಿ ನನಗೆ ಅರ್ಥವಾಯಿತು. ಅರವತ್ತರ ವೇಗಕ್ಕೆ ಇಳಿದು, ಎದೆ ಟ್ಯಾಂಕಿಗೆ ಹಚ್ಚಿ ಬಗ್ಗಿ ಓಡಿಸಿದೆ. ಆಗ ಸೊಂಟ ಇನ್ನಷ್ಟು ಹಿಡಿಯಿತು.

ಆಮೇಲೆ ಎರೆಮಣ್ಣು. ಹೊಲದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ತಂದು ಹಾಕಿದ ಆ ಕರಿ ಕೆಸರು ಗಾಲಿ ಮತ್ತು ಮಡ್‌ಗಾರ್ಡಿನ ನಡುವೆ ಮೆತ್ತಿಕೊಂಡು, ಗಾಲಿಯನ್ನೇ ಹಿಡಿದು ಉಜ್ಜುತ್ತಿತ್ತು. ಮೈಲಿಗೊಂದು ಸಲ ಇಳಿದು ಕಡ್ಡಿಯಿಂದ ಕೆದರಬೇಕು. ಅದರ ಮೇಲೆ ಮಂದಿಯ ಪ್ರೀತಿಯ ಭಾರ. ಆ ಕಡೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯೇ ಇಲ್ಲ. ಯರಗಟ್ಟಿಯ ಅಜ್ಜಿ ಒಂದು ಗಂಟು ಜೋಳದ ರೊಟ್ಟಿ ಇಟ್ಟರೆ, ಸವದತ್ತಿಯ ಗೌಡಶಾನಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಡಬ್ಬಿ ಇಡುವರು. ಡಬ್ಬಿ ಖಾಲಿ ಮರಳಿಸಬಾರದಲ್ಲ, ನಾನು ಅದರಲ್ಲಿ ಏನಾದರೂ ಹಾಕಿ ಒಯ್ದರೆ ಅದು ಎರಡರಷ್ಟಾಗಿ ಮರಳುತ್ತಿತ್ತು. ಹೆಸರಿನ ಸುಗ್ಗಿ ಬಂದಾಗ ಒಂದು ಪೆಟ್ಟಿಗೆಯಲ್ಲಿ ನನ್ನ ಸಾಮಾನು, ಇನ್ನೊಂದರ ತುಂಬ ಹೆಸರುಕಾಳು. ಒಂದು ಕಡೆ ವಾಲಿಕೊಂಡು ಓಡುವ ಗಾಡಿಗೆ ಮೈಲೇಜು ಎಲ್ಲಿಂದ ಬರಬೇಕು? ನಾನು ದಾರಿಯುದ್ದಕ್ಕೂ ಗೊಣಗುವುದು, ಮನೆಗೆ ಹೋಗಿ ಹಿಂಡಿ ಹಚ್ಚಿಕೊಂಡು ರೊಟ್ಟಿ ತಿನ್ನುವುದು, ಎರಡೂ ನಡೆದಿತ್ತು.

ಇಮಾಮಸಾಬರ ಕೈ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಚೆಂಡು ಹಿಚುಕಿ ಅಂದರೆ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಹಣೆಯಲ್ಲಿ ಬೆವರು ಬರಿಸಿಕೊಳ್ಳುವರು. ಚೆಂಡು ಹಾಗೇ ಅಂಗೈಯಲ್ಲಿ ಕೂತಿರುವುದು. ಭುಜ ಎತ್ತುವುದು ಬಂತು, ಮೊಣಕೈ ಅರ್ಧ ಬಿಚ್ಚಿತು, ಬೆರಳು ಮಾತ್ರ ಇಲ್ಲ. ನಾಗರಪಂಚಮಿ ಹೋಯಿತು, ಗಣಪತಿ ಕೂತು ಎದ್ದ. "ಹೆಬ್ಬಟ್ಟು ನನ್ನ ಮಾತು ಕೇಳವಲ್ದು ಬಾಯಾರ. ಖಾತೂನನ ಹಂಗ" ಎಂದು ಹೆಂಡತಿಗೆ ಕೇಳಿಸುವಂತೆ ಅನ್ನುವರು. ನಗುವಿನ ಕೆಳಗೆ ಅವರಿಗೆ ದಿಗಿಲು ಹತ್ತಿತ್ತು. ಒಂದು ದಿನ ನಾನಿಲ್ಲವೆಂದು ತಿಳಿದು ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಚಿ, ತಮ್ಮ ಎಡಗೈಗೇ ಕೈ ಕೊಡಿಸಿ ನೋಡುತ್ತಿದ್ದರು. ನಾನು ಬಾಗಿಲ ಮರೆಯಲ್ಲೇ ನಿಂತು, ಕೆಮ್ಮಿ ಆಮೇಲೆ ಹೊರಬಂದೆ.

ಅಷ್ಟರಲ್ಲಿ ಮೈಲೇಜು ಇಪ್ಪತ್ತೆಂಟಕ್ಕೆ ಇಳಿದಿತ್ತು. ನನಗೆ ತಲೆಗೆ ಹುಳ ಬಿಟ್ಟಂತಾಯಿತು. ಏರ್ ಫಿಲ್ಟರ್ ಬದಲಿಸಿದೆ. ಚೈನು ತೊಳೆದು ಎಣ್ಣೆ ಹಾಕಿದೆ. ಬ್ರೇಕು ಹಿಡಿದುಕೊಂಡಿದೆಯೇ ಎಂದು ಗಾಲಿ ಎತ್ತಿ ತಿರುಗಿಸಿ ನೋಡಿದೆ. ಪೆಟ್ರೋಲು ಹಾಕಿಸುವ ಜಾಗ ಬದಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ನನ್ನದು ಅದೇ ಕತೆ. ಕೊನೆಗೆ ಸಿಕ್ಕಿದ್ದು ಹಿಂದಿನ ಟೈರು. ಪ್ರತಿ ಭಾನುವಾರ ಲೆಕ್ಕವಾಗಿ ಗಾಳಿ ತುಂಬಿಸುತ್ತಿದ್ದೆ, ಮೊದಮೊದಲು ಗಮನಕ್ಕೆ ಬಾರದಷ್ಟು ಇಳಿಯುತ್ತಿದ್ದದ್ದು ಈಗ ಮುಂದಿನ ಭಾನುವಾರ ನೋಡಿದರೆ ಅರ್ಧಕ್ಕರ್ಧ ಇಳಿದಿರುತ್ತಿತ್ತು. ಪಂಕ್ಚರ್ ಇರಬೇಕೆಂದು ಯರಗಟ್ಟಿಯ ಸಂಗಪ್ಪನ ಅಂಗಡಿಗೆ ಒಯ್ದೆ. ಅವನು ಸಾಬೂನು ನೀರು ಹಚ್ಚಿ, ಗಾಲಿ ಸುತ್ತ ಕಣ್ಣಾಡಿಸಿ, ಒಂದು ಗುಳ್ಳೆಯೂ ಏಳಲಿಲ್ಲವೆಂದು ತೋರಿಸಿದ.

"ಟೈರ ಗಟ್ಟಿ ಐತ್ರಿ ಅಕ್ಕಾರ. ವಾಲ್ವೂ ಛಲೋ ಐತಿ. ಗಾಳಿ ತಾನಾಗೇ ಹೋಗಾಕತ್ತಿಲ್ಲ, ಯಾರೋ ತಗಿಯಾಕತ್ತಾರ."

"ಯಾರು ತಗೀತಾರೋ? ಯಾಕ ತಗೀತಾರ?"

"ಅದನ್ನ ನಾ ಹೆಂಗ ಹೇಳ್ಲಿರಿ? ನಿಮ್ಮ ಮ್ಯಾಲೆ ಯಾರಿಗರೆ ಸಿಟ್ಟಿರಬೇಕ."

ಆ ಒಂದು ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ರಾಮದುರ್ಗದಲ್ಲಿ ಒಬ್ಬರು "ಹೆಣ್ಣಮಗಳಿಗೆ ಇಷ್ಟ ದೊಡ್ಡ ಗಾಡಿ ಯಾಕಬೇಕ" ಅಂದಿದ್ದರು. ಸವದತ್ತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಕೆಲವರು ನನ್ನನ್ನು ನೋಡಿ ಶಿಳ್ಳೆ ಹಾಕಿದ್ದರು. ಅವೆಲ್ಲ ಮರೆತದ್ದು ಒಂದೊಂದಾಗಿ ನೆನಪಾದವು. ಮಳೆಯಲ್ಲಿ ನೆನೆದು, ಕೆಸರು ಕೆದರಿ, ಈ ಮಂದಿಯ ಕೈಕಾಲು ನೀವಲು ನಾನು ಬರಬೇಕು, ಇವರು ನನ್ನ ಗಾಳಿ ತೆಗೆಯಬೇಕೆ? ರೊಟ್ಟಿ ಕೊಟ್ಟರೆ ಒಲ್ಲೆ ಅಂದೆ. ಡಬ್ಬಿಗಳನ್ನು ಖಾಲಿಯೇ ಮರಳಿಸಿದೆ, ಯರಗಟ್ಟಿಯ ಅಜ್ಜಿ ಡಬ್ಬಿಯೊಳಗೆ ನೋಡಿ ನನ್ನ ಮುಖ ನೋಡಿದರು. ದಸರಾ ಆದ ಮೇಲೆ ಕೆಲಸ ಬಿಡುತ್ತೇನೆ ಎಂದು ಆಸ್ಪತ್ರೆಯಲ್ಲಿ ಹೇಳಿಯೂ ಬಿಟ್ಟೆ.

ಇಮಾಮಸಾಬರಿಗೆ ನನ್ನ ಮುಖ ನೋಡಿಯೇ ತಿಳಿಯಿತು.

"ಯಾಕ್ರಿ ಬಾಯಾರ, ಮಾರಿ ಸಣ್ಣದಾಗೇತಿ? ಸೊಂಟ ನೋಯಾಕತ್ತೇತೇನು?"

"ಸೊಂಟ ಆರಾಮ ಐತ್ರಿ, ಈಗ ನೋವಿಲ್ಲ. ಗಾಡಿಗೇ ಏನೋ ರೋಗ ಬಂದೈತಿ."

"ಸೊಂಟ ಆರಾಮ ಐತಿ ಹೌದಲ್ಲೋ?" ಅವರ ಮುಖ ಅರಳಿದ್ದು ನೋಡಿ ನನಗೆ ಸಿಟ್ಟೇ ಬಂತು. "ಹಂಗಾರ ಛಲೋ ಆತ ಬಿಡ್ರಿ! ಗಾಡಿ ರೋಗ ಗಾಡಿಗೆ ಇರಲಿ."

ಮಹಾನವಮಿಗೆ ಒಂದು ವಾರ ಇತ್ತು. ಅವತ್ತು ಮಳೆ ಬಿಟ್ಟು, ಬಿಸಿಲು ಬಿದ್ದು, ಓಣಿಯ ಕೆಸರು ಕೆನೆಗಟ್ಟಿತ್ತು. ಎಂದಿನಂತೆ ಗಾಡಿಯನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿದ್ದೆ. ಎಂದಿನಂತೆ ಚೆಂಡು ಕೈಯಲ್ಲಿ ಕೂತಿತ್ತು. ಎಂದಿನಂತೆ ಖಾತೂನಬಿ ಚಾ ಕುಡಿಯಲು ಒಳಗೆ ಕರೆದರು. ಅವರ ಮೊಣಕಾಲಿನ ಪುರಾಣ ಕೇಳುವುದೆಂದರೆ ಎರಡು ಕಪ್ ಚಾ ಬೇಕು. ಆ ದಿನ ಅವರ ಮೊಣಕಾಲಿಗೆ ಸುತ್ತುವ ಪಟ್ಟಿ ತಂದಿದ್ದೆ, ಅದು ಗಾಡಿಯ ಪೆಟ್ಟಿಗೆಯಲ್ಲೇ ಉಳಿದಿತ್ತು. ತರಲೆಂದು ಮೊದಲ ಗುಟುಕಿಗೇ ಎದ್ದು ಹೊರಗೆ ಬಂದೆ.

ಸ್ಸ್ ಎಂಬ ಸದ್ದು. ಆ ವಾಸನೆ.

ಇಮಾಮಸಾಬರು ಹೊರಸಿನ ಅಂಚಿಗೆ ಸರಿದು, ಎಡಗೈಯಿಂದ ಕಟ್ಟೆಯ ಕಂಬವನ್ನು ಭದ್ರವಾಗಿ ಹಿಡಿದು, ಮೈಯೆಲ್ಲ ನನ್ನ ಗಾಡಿಯ ಹಿಂದಿನ ಗಾಲಿಯ ಮೇಲೆ ಬಗ್ಗಿಸಿದ್ದರು. ಬೀಳಬಾರದೆಂದು ಎಡಗೈಯನ್ನು ಬಿಡುವಂತಿರಲಿಲ್ಲ. ಬಲಗೈ ಗಾಲಿಯ ಕಡ್ಡಿಗಳ ನಡುವೆ ಇತ್ತು.

"ಅಯ್ಯೋ ನಿಮ್ಮ! ನೀವೇನ್ರಿ ಆ ಕಳ್ಳ?" ಎಂದು ಓಣಿ ಕೇಳುವಂತೆ ಕೂಗಿದೆ. "ಇಷ್ಟ ದಿನ ನನ್ನ ಗಾಳಿ ತಗದದ್ದು ನೀವೇನು? ಎಷ್ಟ ಹೊಟ್ಟಿ ಉರಕೊಂಡೆ ನಾನು, ಯಾರ್ ಯಾರಿಗೆ ಮನಸಿನ್ಯಾಗ ಬೈಕೊಂಡೆ ಗೊತ್ತೇನ್ರಿ!"

ಮುದುಕರು ಬಗ್ಗಿದಲ್ಲಿಂದಲೇ ಕತ್ತೆತ್ತಿ ನೋಡಿದರು. ಸಿಕ್ಕಿಬಿದ್ದ ಬೆಕ್ಕಿನ ಮುಖ.

"ತಪ್ಪಾತ್ರಿ ಬಾಯಾರ. ನೀವು ಹೇಳಿದ್ರ ಕೇಳವಲ್ರಿ. ಅವತ್ತು ಸೊಂಟ ಹಿಡಕೊಂಡು ಗಾಡಿ ಹತ್ತಿದ್ದು ನೋಡಿ ನನಗ ತಡೀಲಿಲ್ಲ. ನಮ್ಮ ಮುಮತಾಜ ಹಂಗ ಹತ್ತಿದ್ರ ನಾ ಸುಮ್ಮನ ಇರತಿದ್ನ್ಯಾ? ಅದಕ್ಕ ಈ ವಾಲ್ವ ಕೈಗೆ ಸಿಗೂ ಹಂಗ ಬಂದ ದಿನ ಒಂದೀಟ ಒಂದೀಟ…"

ನಾನು ಇನ್ನಷ್ಟು ಬೈಯಲು ಬಾಯಿ ತೆರೆದವಳು ಅವರ ಕೈ ನೋಡಿದೆ. ವಾಲ್ವಿನ ಟೋಪಿ ಅವರ ಬಲಗೈಯ ಎರಡು ಬೆರಳ ನಡುವೆ ಇತ್ತು. ಹೆಬ್ಬೆರಳ ಉಗುರು ಇನ್ನೂ ವಾಲ್ವಿನ ಮೊಳೆಯ ಮೇಲೆಯೇ ಇತ್ತು. ಸಣ್ಣಗೆ ಇನ್ನೂ ಗಾಳಿ ಹೊರಡುತ್ತಿತ್ತು.

"ಇಮಾಮಸಾಬರ, ಆ ಟೋಪಿ ಯಾರು ತಗದ್ರು?"

"ನಾನ. ತಪ್ಪಾತು ಅಂದ್ನಲ್ಲರಿ, ಇನ್ನ ಮ್ಯಾಲೆ ಕೈ ಹಚ್ಚಂಗಿಲ್ಲ."

"ಯಾವ ಕೈಲೆ ತಗದ್ರಿ?"

ಅವರು ತಮ್ಮ ಎಡಗೈ ನೋಡಿಕೊಂಡರು. ಅದು ಕಂಬದ ಮೇಲಿತ್ತು. ಆಮೇಲೆ ಬಲಗೈ ನೋಡಿಕೊಂಡರು. ಅವರಿಗೂ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಯಾರೂ ಕಾಣದಂತೆ, ಚಾ ಮುಗಿಯುವುದರೊಳಗೆ ಮುಗಿಸಬೇಕೆಂಬ ಅವಸರದಲ್ಲಿ ಯಾವ ಕೈ ಎಂದು ಯೋಚಿಸಲು ಅವರಿಗೆ ಪುರುಸೊತ್ತೆಲ್ಲಿತ್ತು? ಮೊದಮೊದಲು ಬರಿ ಮುಷ್ಟಿಯಿಂದ ಟೋಪಿ ಉಜ್ಜಿರಬೇಕು, ಆಮೇಲೆ ತೋರುಬೆರಳು ಕೂಡಿರಬೇಕು, ಆಮೇಲೆ ಹೆಬ್ಬೆರಳು. ನನ್ನ ಚೆಂಡಿಗೆ ಬರದ ಜೀವ ನನ್ನ ಟೈರಿಗೆ ಬಂದಿತ್ತು.

"ತಗೀರಿ" ಎಂದೆ.

"ಏನ ತಗೀಲಿರಿ?"

"ಗಾಳಿ ತಗೀರಿ! ಎಲ್ಲಾ ತಗೀರಿ! ನಾ ನೋಡಬೇಕು. ಖಾತೂನಬಿ, ಮುಮತಾಜ, ಲಗೂನ ಹೊರಗ ಬರ್ರಿ!"

ಅವರು ತೆಗೆದರು. ಹೆಬ್ಬೆರಳು ನಡುಗುತ್ತಾ, ಜಾರುತ್ತಾ, ಮತ್ತೆ ಕೂರುತ್ತಾ ಮೊಳೆಯನ್ನು ಒತ್ತಿತು. ಗಾಳಿ ಸ್ಸ್ ಎಂದು ಒಂದೇ ಸಮ ಹೋಯಿತು. ಮುಮತಾಜ್ ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ಬಾಗಿಲಲ್ಲಿ ನಿಂತಳು. ಖಾತೂನಬಿ ಕಟ್ಟೆಯ ಮೇಲೆ ಕೂತು, ಮೊಣಕಾಲಿನ ನೋವು ಮರೆತು, ಗಂಡನ ಬೆನ್ನಿಗೆ ಎರಡು ಬಾರಿಸಿ, ಅಳತೊಡಗಿದರು. ಅಕ್ಕಪಕ್ಕದವರು ಸೇರಿದರು. ಗಾಡಿ ಪೂರಾ ಕೂತುಬಿಟ್ಟಿತು. ಮೈಲೇಜು ಸೊನ್ನೆ! ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ನನಗೇ ತಿಳಿಯಲಿಲ್ಲ. ಆಮೇಲೆ ಎದುರು ಮನೆಯವರು ಟ್ರ್ಯಾಕ್ಟರಿಗೆ ಹೊಡೆಯುವ ಪಂಪು ತಂದು ಗಾಳಿ ತುಂಬಿಸಿ ಕೊಟ್ಟರು. ಮುಮತಾಜ್ ಕೂಡ ನಾಲ್ಕು ಸಲ ಒತ್ತಿದಳು.

ಚೆಂಡನ್ನು ಅವತ್ತೇ ಮೂಲೆಗೆ ಎಸೆದೆ. ಪುಸ್ತಕದಲ್ಲಿ ಓದಿದ್ದೇ, ಬೇಕಾದ ಕೆಲಸವನ್ನೇ ಕೈಗೆ ಹಚ್ಚಬೇಕು ಎಂದು. ಮುದುಕರಿಗೆ ಬೇಕಾದ ಕೆಲಸ ಇದೆಂದು ಯಾರಿಗೆ ಗೊತ್ತಿತ್ತು? ಮುಂದೆ ವಾಲ್ವಿನ ಟೋಪಿ ತೆಗೆದು ಹಾಕುವುದೇ ಅವರ ವ್ಯಾಯಾಮವಾಯಿತು. ಪೆಟ್ಟಿಗೆಯ ಕೀಲಿ ತಿರುಗಿಸುವುದು, ಟ್ಯಾಂಕಿನ ಮುಚ್ಚಳ ಎತ್ತುವುದು. ಕೊನೆಕೊನೆಗೆ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಅವರನ್ನು ಪಕ್ಕದಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಎಕ್ಸಲರೇಟರಿನ ಹಿಡಿಯನ್ನು ಬಲಗೈಗೆ ಕೊಡುತ್ತಿದ್ದೆ. ಹಿಡಿದುಕೊಳ್ಳಬೇಕು, ಕೂದಲೆಳೆಯಷ್ಟು ತಿರುಗಿಸಬೇಕು, ಸದ್ದು ಏರದಂತೆ ಅಲ್ಲೇ ನಿಲ್ಲಿಸಬೇಕು. ಮೈಲೇಜೆಂದರೆ ಅರ್ಧ ಈ ಕೈಯಲ್ಲೇ ಇರುವುದು, ಎಳೆದು ಬಿಡುವ ಕೈಗೆ ಯಾವ ಗಾಡಿಯೂ ಮೈಲೇಜು ಕೊಡುವುದಿಲ್ಲ ಎಂದು ನಾನು ಉಪದೇಶ ಮಾಡಿದರೆ, "ಇದನ್ನ ನನಗ ಕಲಸ್ತೀರೇನ್ರಿ?" ಎಂದು ಅವರು ರೇಗುವರು. ಮರುಕ್ಷಣ ಕೈ ಸೆಟೆದು ಎಂಜಿನ್ ಗರ್ ಎಂದು ಕೂಗುವುದು, ಕೋಳಿಗಳು ಚೆಲ್ಲಾಪಿಲ್ಲಿ ಓಡುವುವು, ಮುಮತಾಜ್ ಒಳಗಿನಿಂದ ನಗುವಳು. ಎಷ್ಟು ಪೆಟ್ರೋಲು ನಿಂತಲ್ಲೇ ಸುಟ್ಟೆವೋ ನಾನು ಲೆಕ್ಕ ಇಡಲಿಲ್ಲ. ನಾನು ಲೆಕ್ಕ ಇಡದ ಪೆಟ್ರೋಲು ಜೀವಮಾನದಲ್ಲಿ ಅದೊಂದೇ.

ದಸರಾ ಬಂದು ಹೋಯಿತು. ಕೆಲಸ ಬಿಡುತ್ತೇನೆ ಅಂದ ಮಾತನ್ನು ನಾನು ನುಂಗಿಕೊಂಡೆ. ಯರಗಟ್ಟಿಯ ಅಜ್ಜಿಯ ಮನೆಗೆ ಡಬ್ಬಿಯ ತುಂಬ ಚಕ್ಕುಲಿ ಹಾಕಿಕೊಂಡು ಹೋದೆ. ಅಜ್ಜಿ "ಈಗ ಬಂತ ನೋಡ ಮಾರಿಗೆ ಕಳೆ" ಎಂದರು.

ನಿಕಾಹ್ ದಿನ ನನಗೇ ಮದುವೆ ಎಂಬಂತೆ ನಸುಕಿಗೇ ಎದ್ದು ಹೊರಟೆ. ಕಬ್ಬಿನ ಟ್ರಾಲಿಗಳು ರಸ್ತೆಗೆ ಇಳಿದಿದ್ದವು. ಮುನವಳ್ಳಿಯ ಮನೆಯ ಮುಂದೆ ಹಂದರ, ಬಿರಿಯಾನಿಯ ಹಬೆ, ಅತ್ತರಿನ ಘಮ. ಇಮಾಮಸಾಬರು ಬಿಳಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತು, ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಪರೀಕ್ಷೆಗೆ ಕೂತವರಂತೆ ಯಾರೊಡನೆಯೂ ಮಾತಾಡಲೊಲ್ಲರು. ಅಷ್ಟು ಹೊತ್ತು ಅವರು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಹೆಂಗಸರ ಕಡೆ ಖಾತೂನಬಿಯ ಪಕ್ಕದಲ್ಲಿ ನಿಂತು ಪರದೆಯ ಸಂದಿನಿಂದ ನೋಡುತ್ತಿದ್ದೆ. ಒಪ್ಪಿಗೆಯ ಕಬೂಲ್ ಆಯಿತು. ದುವಾ ಆಯಿತು. ಅಳಿಯ ಎದ್ದು ಬಂದ. ತೆಳ್ಳಗಿನ, ಕನ್ನಡಕದ ಹುಡುಗ.

ಇಮಾಮಸಾಬರು ಎದ್ದು ನಿಂತರು. ಕುರ್ಚಿ ಹಿಡಿಯಲಿಲ್ಲ. ಬಲಗೈ ಮೆಲ್ಲಗೆ, ಭುಜದಿಂದ, ಮೊಣಕೈಯಿಂದ, ತಡೆದು ತಡೆದು ಮೇಲೆ ಬಂತು. ಬೆರಳು ಬಿಚ್ಚಿದವು. ಹುಡುಗ ಕೈ ಕೊಟ್ಟ. ಹೆಬ್ಬೆರಳು ಅವನ ಕೈಯ ಮೇಲೆ ಕೂತಿತು, ಉಳಿದ ನಾಲ್ಕು ಬೆರಳು ಸುತ್ತಿಕೊಂಡವು. ಹಿಡಿದರು. ಖಾತೂನಬಿ ನನ್ನ ತೋಳನ್ನು ಎಷ್ಟು ಗಟ್ಟಿ ಹಿಡಿದರೆಂದರೆ ಮರುದಿನ ಅಲ್ಲಿ ನೀಲಿಗಟ್ಟಿತ್ತು.

ಆದರೆ ಬಿಡಲು ಬರಲಿಲ್ಲ. ಇಂಥ ಕೈಗೆ ಹಿಡಿಯುವುದಕ್ಕಿಂತ ಬಿಡುವುದು ಕಷ್ಟ, ಬೆರಳು ಒಮ್ಮೆ ಮುಚ್ಚಿದರೆ ಬಿಚ್ಚಲು ಹೊತ್ತು ಬೇಕು. ಅದನ್ನು ಕಲಿಸಲು ನಮಗೆ ದಿನ ಸಾಲದೆ ಹೋಗಿತ್ತು. ಹಿಂದೆ ಸಾಲಾಗಿ ಮಂದಿ ಮುಬಾರಕ್ ಹೇಳಲು ನಿಂತಿದ್ದರು. ಇಮಾಮಸಾಬರ ಮುಖ ಕೆಂಪಾಯಿತು, ಎಡಗೈಯಿಂದ ಬೆರಳು ಬಿಡಿಸಿಕೊಳ್ಳಲು ಹೋದರು. ನಾನು ಪರದೆ ಸರಿಸಿ ಓಡಲು ಒಂದು ಹೆಜ್ಜೆ ಇಟ್ಟಿದ್ದೆ. ಆ ಹುಡುಗ ತನ್ನ ಇನ್ನೊಂದು ಕೈಯನ್ನು ಮಾವನ ಕೈಯ ಮೇಲಿಟ್ಟ.

"ಇರಲಿ ಮಾಮಾ, ಬಿಡಬ್ಯಾಡ್ರಿ. ನಾ ಎಲ್ಲಿಗೂ ಹೋಗಂಗಿಲ್ಲ."

ಹಾಗೇ ನಿಂತರು ಇಬ್ಬರೂ. ಸಾಲಿನಲ್ಲಿದ್ದವರು ಬಂದು ಮುಬಾರಕ್ ಹೇಳಿ ಆ ಎರಡು ಕೈಗಳ ಮೇಲೇ ಕೈ ಇಟ್ಟು ಹೋದರು. ನಾನು ಸೀರೆಯ ಸೆರಗಿನಲ್ಲಿ ಮೂಗೊರೆಸಿಕೊಂಡೆ. ದೇವರೇ, ಈ ಸೀಮೆಗೆ ನನ್ನನ್ನು ಕಳಿಸಿದ್ದಕ್ಕೆ ನಿನ್ನ ಉಪಕಾರ ದೊಡ್ಡದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಇವತ್ತೂ ಅದನ್ನೇ ಅನ್ನುತ್ತೇನೆ.

ಹಿಮಾಲಯಕ್ಕೆ ಆಮೇಲೆ ಹೋಗಿ ಬಂದೆ. ಪೆಟ್ರೋಲು ಎಲ್ಲೂ ಕಡಿಮೆ ಬೀಳಲಿಲ್ಲ. ಈಗ ಕೆಲಸ ಬೇರೆ ಊರಲ್ಲಿ, ಆದರೂ ವರ್ಷಕ್ಕೊಮ್ಮೆ ಮಳೆ ಬಿಡುವು ಕೊಟ್ಟ ಹೊತ್ತಿಗೆ ಆ ಕಡೆ ಗಾಡಿ ತಿರುಗಿಸದಿದ್ದರೆ ಸಮಾಧಾನವಿಲ್ಲ. ಹೋದ ವಾರ ಕಿತ್ತೂರಿನ ಪಂಪಿನಲ್ಲಿ ನಿಂತಿದ್ದದ್ದೂ ಅದಕ್ಕೇ. ಮುಮತಾಜ್ ಮಗುವನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ, ಮುದುಕರು ಕಟ್ಟೆಯ ಮೇಲೆ ಕಾಯುತ್ತಾ ಕೂತಿದ್ದಾರೆ ಎಂದು ಫೋನು ಬಂದಿತ್ತು.

"ಅಕ್ಕಾರ, ಎಷ್ಟ ಹಾಕ್ಲಿರಿ ಗಾಳಿ?" ಗಾಳಿ ಹಾಕುವವರು ಮೂರನೆಯ ಸಲ ಕೇಳಿದಾಗ ನನಗೆ ಎಚ್ಚರವಾಯಿತು.

"ಮೂವತ್ತಾರು. ಅಲ್ಲ ಅಲ್ಲ, ಹಿಂದಿನದಕ್ಕ ಒಂದ್ ನಾಕು ಹೆಚ್ಚ ಹಾಕ್ರಿ."

"ಯಾಕ್ರಿ? ಲೋಡ್ ಏನೂ ಕಾಣವಲ್ದು."

"ಲೋಡ್ ಇಲ್ರಿ. ಮುನವಳ್ಳ್ಯಾಗ ತಗಿಯೋರು ಅದಾರ."